ಬಿಲ್ಲಿನ ಹೆಸರು

"ಅಯ್ಯೋ, ಅದನ್ನ ಕೀಳಬೇಡ!"

ಕೂಗು ಕೇಳುವಷ್ಟರಲ್ಲಿ ಗಿಡ ಸಿನ್ಮಲ್ಲಿಯ ಕೈಗೆ ಬಂದಾಗಿತ್ತು. ಬೇರು ಸಮೇತ!

ತಿರುಗಿ ನೋಡಿದಳು. ಸಿರಿಯಾರ್! ಆರು ವರ್ಷಗಳಿಂದ ಯಾರ ಮುಖ ನೋಡಬಾರದೆಂದುಕೊಂಡಿದ್ದಳೋ, ಅವನೇ...

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವಳಿಗೆ ಏನೂ ಬರುತ್ತಿರಲಿಲ್ಲ, ಅಳು ಕೂಡ.

ನೀಲಗಿರಿಯ ಆ ತೋಡರ ಮಂದಿನಲ್ಲಿ, ಅಂದರೆ ಹಟ್ಟಿಯಲ್ಲಿ, ಇರುವುದೇ ಏಳು ಮನೆ. ಪ್ರತಿ ಭಾನುವಾರ ಎಲ್ಲರೂ ಸೇರಿ, ಹುಲ್ಲುಗಾವಲಿಗೆ ನುಗ್ಗಿದ ವ್ಯಾಟಲ್ ಎಂಬ ಪರದೇಶಿ ಮರದ ಸಸಿಗಳನ್ನು ಕಿತ್ತು ಹಾಕುತ್ತಿದ್ದರು. ಗುಡ್ಡದಾಚೆಯ ಮಂದಿನಿಂದ ಸಿರಿಯಾರ್ ಬರುತ್ತಿದ್ದ. ಕೋಯಂಬತ್ತೂರಿನ ಗಿರಣಿ ಕೆಲಸ ಬಿಟ್ಟು ಮೊನ್ನೆಯಷ್ಟೇ ತವರಿಗೆ ಮರಳಿದ್ದ ಸಿನ್ಮಲ್ಲಿಯನ್ನು ಪುನವೇಲಿ ಅಜ್ಜಿ ಇಂದು ಎಳೆದು ತಂದಿದ್ದಳು.

"ಏನಿದು ಗಿಡ?"

"ಬಿಲ್ಲಿನ ಗಿಡ ಕಣೇ! ಕಣ್ಣೇನು ಮನೇಲಿಟ್ಟು ಬಂದ್ಯಾ?" ಅಜ್ಜಿ ಹಣೆ ಚಚ್ಚಿಕೊಂಡಳು.

ಬಿಲ್ಲಿನ ಗಿಡ... ಅವಳು ಅದನ್ನು ನೋಡಿಯೇ ಇರಲಿಲ್ಲ.

ಬಸುರಿಗೆ ಏಳನೇ ತಿಂಗಳಲ್ಲಿ ಗಂಡ ಈ ಗಿಡದ ಕಡ್ಡಿಯಿಂದ ಮಾಡಿದ ಪುಟ್ಟ ಬಿಲ್ಲು ಕೊಡಬೇಕು. "ನಿನ್ನ ಬಿಲ್ಲಿನ ಹೆಸರೇನು?" ಎಂದು ಅವಳು ಕೇಳಬೇಕು. ಅವನು ತನ್ನ ಕುಲದ ಬಿಲ್ಲಿನ ಹೆಸರು ಹೇಳಿದ ಮೇಲೆಯೇ ಅವರು ನಿಜವಾದ ಗಂಡಹೆಂಡತಿ. ಸಿನ್ಮಲ್ಲಿಯ ಸರದಿ ಬಂದಾಗ ಕಡ್ಡಿ ಹುಡುಕಲು ಹೋದವನು ಗಂಡನ ಗೆಳೆಯ ಸಿರಿಯಾರ್. ಎಲ್ಲೂ ಸಿಗಲಿಲ್ಲವೆಂದು ವ್ಯಾಟಲ್ ಕಡ್ಡಿ ತಂದುಕೊಟ್ಟಿದ್ದ.

ಮಗು ಸತ್ತೇ ಹುಟ್ಟಿತು. ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು ಎಂದರು ಆಸ್ಪತ್ರೆಯವರು. ಸುಳ್ಳು ಬಿಲ್ಲಿನ ಫಲ ಎಂದಳು ಅತ್ತೆ. ಗಂಡ ಇನ್ನೊಂದು ಮದುವೆಯಾದ.

"ಅವತ್ತು ಸಿಗದ ಗಿಡ ಇವತ್ತೆಲ್ಲಿಂದ ಬಂತು?" ಸಿನ್ಮಲ್ಲಿ ತಣ್ಣಗೆ ಕೇಳಿದಳು.

ಸಿರಿಯಾರ್ ತಲೆ ತಗ್ಗಿಸಿದ. "ಅವತ್ತೂ ಸಿಕ್ಕಿತ್ತು..."

"ಏನು?!"

"ಒಂಬತ್ತು ದಿನ ಅಲೆದೆ. ಇದ್ದದ್ದು ಒಂದೇ ಗಿಡ, ಅದಕ್ಕೂ ಒಂದೇ ಕಡ್ಡಿ. ತುದೀಲಿ ಎಳೇ ಕಾಯಿ. ಕತ್ತರಿಸಿದ್ರೆ ಅದರ ವಂಶವೇ ಮುಗೀತಿತ್ತು. ಕೈ ಬರಲಿಲ್ಲ, ಸಿನ್ಮಲ್ಲಿ. ಆಮೇಲೆ ಬೀಜ ತಂದು ಎಲ್ಲ ಮಂದುಗಳಿಗೂ ಹಂಚಿದೆ. ನಿನಗೆ ಹೇಳೋಕೆ ಮಾತ್ರ ಧೈರ್ಯ ಸಾಲಲಿಲ್ಲ."

ಎದೆಯೊಳಗೆ ಎಲ್ಲೋ ಚುಳ್ ಎಂದಿತು. ಆರು ವರ್ಷಗಳಲ್ಲಿ ಮೊದಲ ಸಲ!

"ಒಂದು ಮಾತು ಹೇಳಬಾರದಿತ್ತೇನೋ? ನನಗೆ ಬಿಲ್ಲೇ ಬೇಡ, ಕಾಯಿ ಬಲೀಲಿ ಅಂತಿದ್ದೆನಲ್ಲೋ!"

ಬಾಗಿ ಹಿಡಿ ಮಣ್ಣು ತೆಗೆದು ಅವನ ಮುಖಕ್ಕೆ ಎರಚಿದಳು. ಮತ್ತೊಮ್ಮೆ ಎರಚಿದಳು. ಅವನು ಕದಲಲಿಲ್ಲ. ಅವಳು ಬಿಕ್ಕಿ ಬಿಕ್ಕಿ ಅತ್ತಳು.

"ಎರಚೋದಾದ್ರೆ ಗಿಡದ ಬುಡಕ್ಕೆ ಎರಚೇ! ಬೇರು ಒಣಗ್ತಿದೆ!" ಎಂದಳು ಅಜ್ಜಿ. ಅವಳ ಕಣ್ಣೂ ಒದ್ದೆಯಾಗಿತ್ತು.

ಸಿನ್ಮಲ್ಲಿ, ಸಿರಿಯಾರ್ ಇಬ್ಬರೂ ಗುಣಿ ತೋಡಿ ಗಿಡವನ್ನು ಮತ್ತೆ ನೆಟ್ಟರು.

ಮುಂದಿನ ಭಾನುವಾರ ಸಿನ್ಮಲ್ಲಿಯನ್ನು ಯಾರೂ ಎಳೆದು ತರಬೇಕಾಗಲಿಲ್ಲ. ಎಂಟನೇ ಭಾನುವಾರ ಆ ಗಿಡದಲ್ಲಿ ಎರಡು ಹೊಸ ಚಿಗುರು!

"ಸಿರಿಯಾರ್..."

"ಹೂಂ?"

"ನಿನ್ನ ಬಿಲ್ಲಿನ ಹೆಸರೇನು?"

ನೀರಿನ ಡಬ್ಬಿ ಅವನ ಕೈಜಾರಿತು. "ಅದು... ಅದು ಏಳನೇ ತಿಂಗಳಲ್ಲಿ ಕೇಳೋ ಮಾತಲ್ವೇನೇ!"

"ಗೊತ್ತು. ಕಡ್ಡಿ ಬಲಿಯೋವರೆಗೂ ಕಾಯ್ತೀನಿ. ಹೆಸರು ಮಾತ್ರ ಈಗಲೇ ಹೇಳು."

ಅವನು ಅವಳ ಕಿವಿಯ ಬಳಿ ಬಾಗಿ ಹೇಳಿದ.