ಶವಯಾತ್ರೆಯ ಬ್ಯಾಂಡಿನಲ್ಲಿ ಇಬ್ಬರು

ಭಾನುವಾರದ ಊಟದ ಹೊತ್ತಿಗೆ ನುಡಿಸಲು ಒಬ್ಬರು ಸಾಕಾಗಿತ್ತು. ಕೋಲ್ವಾ ಕಡಲತೀರದ ಹೋಟೆಲಿನವರು ಇಬ್ಬರನ್ನು ಕರೆಸಿಬಿಟ್ಟಿದ್ದರು. ಲೂರ್ದಿನಾ ಸ್ಯಾಕ್ಸೋಫೋನ್ ಹೊತ್ತು ಬಂದಾಗ ವೇದಿಕೆಯ ಮೇಲೆ ಒಬ್ಬ ಟ್ರಂಪೆಟ್ ಒರೆಸುತ್ತ ಕೂತಿದ್ದ.

"ಇದು ನನ್ನ ಕೆಲಸ," ಎಂದಳು.

"ನನ್ನನ್ನೂ ಅವರೇ ಕರೆದಿದ್ದು. ಜಗಳ ಆಡೋಣವೋ, ನುಡಿಸೋಣವೋ? ಜಗಳ ಆಡಿದ್ರೆ ಊಟ ಸಿಗಲ್ಲ."

ಅವನು ಬೆಲಾರ್ಮಿನ್. ನಕ್ಕರೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತಿತ್ತು.

ಆಮೇಲೆ ಸಿಕ್ಕ ಕೆಲಸಕ್ಕೆಲ್ಲ ಜೊತೆಯಾಗಿಯೇ ಹೋದರು. ಮದುವೆ, ನಾಮಕರಣ, ಚರ್ಚಿನ ಹಬ್ಬ, ನಾಟಕದ ಹಿನ್ನೆಲೆ, ಮಾಂಡವಿ ನದಿಯ ಮೇಲೆ ಪ್ರವಾಸಿಗರ ದೋಣಿ. ದೋಣಿಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಅವನು ಅವಳನ್ನೇ ನೋಡುತ್ತ ಊದುತ್ತಿದ್ದ; ಅವಳು ಬೇಕೆಂದೇ ನದಿಯ ಕಡೆ ತಿರುಗುತ್ತಿದ್ದಳು. ತಿರುಗಿದರೂ ಅವಳ ಸ್ವರ ತಪ್ಪುತ್ತಿತ್ತು.

ಮಳೆಗಾಲಕ್ಕೆ ಹೋಟೆಲುಗಳು ಮುಚ್ಚಿದವು. ಮದುವೆಯವರು ಡೀಜೆ ಸಾಕು ಎಂದರು. ಅದೇ ದಿನಗಳಲ್ಲಿ ಬೆಲಾರ್ಮಿನ್ ಫೋನ್ ಎತ್ತುವುದನ್ನೇ ಬಿಟ್ಟ. ಯಾವುದೋ ಹಡಗಿನ ಕೆಲಸ ಸಿಕ್ಕಿ ಹೇಳದೆ ಹೋದ ಎಂದುಕೊಂಡಳು ಲೂರ್ದಿನಾ. ಅತ್ತಳು, ಬೈದಳು, ಸಿಕ್ಕ ಕಡೆ ಒಬ್ಬಳೇ ನುಡಿಸಿದಳು.

ಚಿಂಚಿಣಿಯ ಒಂದು ಮದುವೆಯಲ್ಲಿ ಕೇಕ್ ಕತ್ತರಿಸುವವರೆಗೆ ಮಾತ್ರ ಅವಳ ಸರದಿ. ನಂತರ ಡೀಜೆಯ ಆಳುಗಳು ಸ್ಪೀಕರ್ ಹೊತ್ತು ತಂದರು. ಅವರಲ್ಲೊಬ್ಬ ಮುಖಕ್ಕೆ ಕರ್ಚೀಫ್ ಕಟ್ಟಿದ್ದ. ಸ್ಪೀಕರಿನ ಮೇಲೆ ಅವನ ಬಲಗೈ ಬೆರಳುಗಳು ಟ್ರಂಪೆಟ್ಟಿನ ಗುಂಡಿ ಒತ್ತುವಂತೆ ಆಡುತ್ತಿದ್ದವು.

"ಬೆಲಾರ್ಮಿನ್, ಕರ್ಚೀಫ್ ತೆಗಿ."

"ಹೋಗು ಲೂರ್ದಿನಾ. ಜನ ನೋಡ್ತಾರೆ."

ಅವಳೇ ಎಳೆದಳು. ಬಾಯಿಯ ಎಡಭಾಗ ಜೋತುಬಿದ್ದಿತ್ತು. ಆ ಕಡೆಯ ಕಣ್ಣಿನ ರೆಪ್ಪೆ ಮುಚ್ಚುತ್ತಿರಲಿಲ್ಲ.

"ಒಂದು ಬೆಳಿಗ್ಗೆ ಎದ್ದಾಗ ಹೀಗಾಗಿತ್ತು. ಸರಿಹೋದ್ರೂ ಹೋಗಬಹುದು, ಇಲ್ಲದಿದ್ರೂ ಇಲ್ಲ ಅಂದ್ರು ಡಾಕ್ಟ್ರು. ಊದಿದ್ರೆ ಗಾಳಿ ಸೋರಿಹೋಗುತ್ತೆ, ನಕ್ಕರೆ ಅಳೋ ಹಾಗೆ ಕಾಣ್ತೀನಿ. ಮದುವೆ ಮನೆಗೆ ಇಂಥ ಮುಖ ಯಾರಿಗೆ ಬೇಕು?"

"ಸಾವಿನ ಮನೆಗೆ ಬೇಕು," ಎಂದವಳು ನಾಲಗೆ ಕಚ್ಚಿಕೊಂಡಳು. ಅವನು ಅರ್ಧ ಬಾಯಲ್ಲಿ ನಕ್ಕ.

"ನಿಜವಾಗ್ಲೂ. ನಾಳೆ ಬೆಣಾವಲಿಯಲ್ಲಿ ಶವಯಾತ್ರೆ, ಬ್ಯಾಂಡಿಗೆ ನನ್ನನ್ನೂ ಕರೆದಿದ್ದಾರೆ. ದೊಡ್ಡ ಡೋಲಿನವನಿಗೆ ಜ್ವರ. ಡೋಲಿಗೆ ತುಟಿ ಬೇಕಿಲ್ಲ," ಎಂದಳು.

"ಕನಿಕರಾನಾ?"

"ಕೋಪ. ಹೇಳದೆ ಹೋದ್ಯಲ್ಲ. ಅದು ತೀರೋವರೆಗೂ ನನ್ನ ಕಣ್ಣೆದುರಿಗೇ ಇರು."

ಸತ್ತವಳು ಎಳೆಯ ಬಾಣಂತಿ. ಶವಪೆಟ್ಟಿಗೆಯ ಹಿಂದೆ ಅವಳ ಗಂಡ ನಡೆಯುತ್ತಿದ್ದ. ಎರಡೂ ಕಡೆಯಿಂದ ಅಣ್ಣಂದಿರು ಅವನ ತೋಳು ಹಿಡಿದಿದ್ದರು. ಡೋಲು ಬಾರಿಸುತ್ತಿದ್ದ ಬೆಲಾರ್ಮಿನ್ ಅವನಿಂದ ಕಣ್ಣು ತೆಗೆಯಲಿಲ್ಲ. ಶಿಲುಬೆಯ ಕಟ್ಟೆಯ ಬಳಿ ಪ್ರಾರ್ಥನೆಗೆಂದು ಎಲ್ಲರೂ ನಿಂತಾಗ, ಡೋಲು ಹೊತ್ತೇ ಲೂರ್ದಿನಾಳ ಹತ್ತಿರ ಬಂದ.

"ಒಳ್ಳೆ ದಿನ ಬರಲಿ, ಆಗ ಹೇಳೋಣ ಅಂತಿದ್ದೆ," ಎಂದು ಪಿಸುಗುಟ್ಟಿದ. "ಅವನನ್ನ ನೋಡಿದ ಮೇಲೆ ಕಾಯೋಕೆ ಭಯ ಆಗ್ತಿದೆ. ನನ್ನ ತುಟಿ ಸರಿಹೋಗುತ್ತೋ ಇಲ್ವೋ. ನಿನ್ನ ಬಿಟ್ಟಿರೋಕೆ ಮಾತ್ರ ನನ್ನಿಂದ ಆಗಲ್ಲ, ಲೂರ್ದಿನಾ."

ಅವಳು ಬಾಯಿ ತೆರೆಯುವಷ್ಟರಲ್ಲಿ ಬ್ಯಾಂಡ್ ಮಾಸ್ತರರು ಕೈಯೆತ್ತಿದರು. ಅವನು ಹಿಂದಿನ ಸಾಲಿಗೆ ಹೋದ. ಮುಂದಿನ ಸಾಲಿನಲ್ಲಿದ್ದ ಅವಳು ಊದತೊಡಗಿದಳು. ಊದುತ್ತಲೇ ಹೆಜ್ಜೆ ನಿಧಾನ ಮಾಡಿದಳು. ಸಾಲುಗಳು ಒಂದೊಂದಾಗಿ ಅವಳನ್ನು ದಾಟಿ ಮುಂದೆ ಹೋದವು. ಡೋಲು ಪಕ್ಕಕ್ಕೆ ಬಂತು.

"ಲೂರ್ದಿನಾ, ಮುಂದೆ ಬಾ. ನಿನ್ನ ಜಾಗ ಇಲ್ಲಿ," ಮಾಸ್ತರರು ತಿರುಗಿ ಗದರಿದರು.

ಕಣ್ಣು ತುಂಬಿಕೊಂಡೇ ಅವಳು ಇಲ್ಲವೆಂದು ತಲೆಯಾಡಿಸಿದಳು. ಸ್ವರ ತಪ್ಪಲಿಲ್ಲ. ಸ್ಮಶಾನದ ಬಾಗಿಲವರೆಗೂ ಅವನ ಪಕ್ಕದಲ್ಲೇ ನಡೆದಳು.