ಮೇಲೊಬ್ಬ, ಕೆಳಗೊಬ್ಬ

ತಿಮ್ಮವ್ವನ ಹೆಣ ಸಿಕ್ಕಿದ್ದು ಬೆಳಗಿನ ಜಾವ, ಕುಸಿದ ಮಣ್ಣಿನ ಗೋಡೆಯ ಕೆಳಗೆ.

ಸಾಲಗುಂದದ ಹೊಲಗಳಿಗೆ ಕಾಲುವೆ ನೀರು ಬಂದು ಅದು ಎರಡನೆಯ ವರ್ಷ. ಹಿಂದಿನ ಸಂಜೆ ಯಾರೋ ತೂಬಿನ ಬಾಗಿಲನ್ನು ಪೂರ್ತಿ ಎತ್ತಿ, ತಿರುವುವ ಹಿಡಿಕೆಯನ್ನೇ ಕಿತ್ತು ಕಾಲುವೆಗೆ ಎಸೆದಿದ್ದರು. ನುಗ್ಗಿದ ನೀರು ಆದೆಪ್ಪ, ಬಾಲಪ್ಪ ಎಂಬ ಅಣ್ಣತಮ್ಮಂದಿರ ಗದ್ದೆ ತುಂಬಿ, ಕೆಳಗಿದ್ದ ತಾಯಪ್ಪನ ಗದ್ದೆಗೆ ಇಳಿದು, ಅದರಂಚಿನ ಗುಡಿಸಲಿನ ಬುಡ ಕೊರೆದಿತ್ತು. ಒಳಗೆ ಮಲಗಿದ್ದವಳು ತಾಯಪ್ಪನ ತಾಯಿ.

ತೂಬಿನ ಕಾವಲುಗಾರ ಕನಕರಾಯ ಹೆಣದ ಕಡೆ ನೋಡಲಿಲ್ಲ. ಅವನ ತಂಗಿ ಪಕೀರಮ್ಮ ಆ ಮನೆಯ ಸೊಸೆ. ಅವಳ ಅಳು ಕೇಳುತ್ತಿತ್ತು.

"ನೀ ನೋಡಿದ್ದೇನು?" ಠಾಣೆಯಿಂದ ಬಂದ ಜಮಾದಾರ ಮಕ್ತುಮ್‌ಸಾಬ್ ಕೇಳಿದರು.

"ಹೊತ್ತು ಮುಳುಗಾಕತ್ತಿತ್ತು ರೀ. ನಾ ಕೆಳಗ ಹಳ್ಳದಾಗಿದ್ದೆ. ಕಣ್ಣೆತ್ತಿದ್ರ ಏರಿ ಮ್ಯಾಲ ಇಬ್ಬರು."

"ಮುಖ?"

"ಬೆನ್ನು ಈ ಕಡೆ ಇತ್ರಿ. ಒಬ್ಬ ಮ್ಯಾಲ, ಒಬ್ಬ ಅವನ ಕೆಳಗ. ಇಬ್ಬರಿಗೂ ಬಿಳಿ ರುಮಾಲು. ಇಬ್ಬರೂ ಎಡಗೈಲೆ ಹಿಡಿಕಿ ತಿರುವಾಕತ್ತಿದ್ರು. ನಾ ಕೂಗೋದ್ರಾಗ ಓಡಿಬಿಟ್ರು."

ಇಬ್ಬರು! ಊರಿಗೆ ಅಷ್ಟು ಸಾಕಾಯಿತು. ನೀರಿಗಾಗಿ ತಿಮ್ಮವ್ವನ ಜೊತೆ ಜಗಳವಾಡಿದ್ದ ಅಣ್ಣತಮ್ಮಂದಿರನ್ನು ಚಾವಡಿಯಲ್ಲಿ ಕೂಡಿಹಾಕಿದರು.

ಮಧ್ಯಾಹ್ನ ಆದೆಪ್ಪನ ಹೆಂಡತಿ ಕರೆಮ್ಮ ಕನಕರಾಯನ ಬಾಗಿಲಿಗೆ ಬಂದಳು.

"ಕನಕಣ್ಣ, ನನ್ನ ಗಂಡನ್ನ ನೀ ಖರೇನ ನೋಡಿಯೇನು?"

"ಇಬ್ಬರಿದ್ರವ್ವ... ಅಷ್ಟs ಹೇಳೀನಿ."

"ಅಷ್ಟs ಸಾಕಾತಲ್ಲಪ್ಪ," ಎಂದು ಹೊರಟುಹೋದಳು. ಬೈದಿದ್ದರೆ ಚೆನ್ನಾಗಿತ್ತು. ಕನಕರಾಯ ಮುಂದಿಟ್ಟ ರೊಟ್ಟಿಯನ್ನು ಪಕ್ಕಕ್ಕೆ ಸರಿಸಿದ.

ಮಕ್ತುಮ್‌ಸಾಬ್ ಸಂಜೆ ಮತ್ತೆ ಬಂದರು. ಎದುರಿಗೆ ಕೂತು ಅವನನ್ನೇ ನೋಡಿದರು. ಕನಕರಾಯ ಗದ್ದ ಮೇಲೆತ್ತಿಕೊಂಡೇ ಮಾತಾಡುತ್ತಿದ್ದ. ಬಲಗೆನ್ನೆಯ ಮೇಲೆ ನೊಣ ಓಡಾಡುತ್ತಿತ್ತು. ಅವನಿಗೆ ಅರಿವೇ ಇರಲಿಲ್ಲ.

"ಬಲಗಣ್ಣಿನ ಸುತ್ತ ಕಂದ್ಯಾದಲ್ಲೋ?"

"ಹೋದ ವಾರ ಏರಿ ಮ್ಯಾಲಿಂದ ಬಿದ್ದೆ ರೀ. ಕಲ್ಲು ಬಡೀತು."

ಜಮಾದಾರರು ಕೋಲನ್ನು ಅವನ ತಲೆಗಿಂತ ಮೇಲೆ ಅಡ್ಡ ಹಿಡಿದರು. "ಗದ್ದ ಎತ್ತಬ್ಯಾಡ. ಕಣ್ಣಷ್ಟs ಎತ್ತು. ಎಷ್ಟು ಕೋಲು?"

ಕನಕರಾಯ ಗದ್ದ ಎತ್ತಹೋಗಿ ತಡೆದುಕೊಂಡ. "...ಒಂದು."

"ಸುಳ್ಳು!"

ಮರುದಿನ ಅವನನ್ನು ಲಿಂಗಸುಗೂರಿನ ಡಾಕ್ಟರರ ಮುಂದೆ ಕೂರಿಸಿದರು. ಸಂಜೆ ಊರಿಗೆ ಮರಳಿ ಚಾವಡಿ ಮುಂದೆ ಜನ ಸೇರಿಸಿದರು.

"ಕಣ್ಣುಗುಡ್ಡೆಗೆ ಸುತ್ತಲೂ ಎಲುಬಿನ ಕೋಟೆ ಅದ," ಮಕ್ತುಮ್‌ಸಾಬ್ ಹೇಳಿದರು. "ಹುಬ್ಬಿನ ಎಲುಬು ಗಟ್ಟಿ. ಕೆಳಗಿನ ತಳ ಮಾತ್ರ ಹಪ್ಪಳದಂಗ ತೆಳು. ಇವನ ಬಲಗಣ್ಣಿಗೆ ಹೊಡೆತ ಬಿದ್ದಾಗ ಆ ತಳ ಒಡೆದು ಗುಡ್ಡೆ ಉಳೀತು. ಆದ್ರ ಗುಡ್ಡೆ ಆಡಿಸೋ ಆರು ಸ್ನಾಯುದಾಗ ಕೆಳಗಿಂದು ಆ ಬಿರುಕಿನಾಗ ಸಿಕ್ಕೊಂಡದ. ಎಡಗಣ್ಣು ಮ್ಯಾಲ ಏಳ್ತದ, ಬಲಗಣ್ಣು ಏಳಂಗಿಲ್ಲ. ಮ್ಯಾಲ ನೋಡಿದ್ರ ಒಂದು ಹೋಗಿ ಎರಡು, ಒಂದರ ಮ್ಯಾಲೊಂದು! ಕೆನ್ನಿ ನರನೂ ಅಲ್ಲೇ ಹಾಯ್ತದ, ಅದಕ್ಕ ನೊಣ ಕುಂತರೂ ಗೊತ್ತಾಗಂಗಿಲ್ಲ."

ಜನ ಗುಸುಗುಟ್ಟಿದರು.

"ಒಂದೇ ರುಮಾಲು, ಒಂದೇ ಎಡಗೈ—ನಾವೆಲ್ಲಾ ಕೇಳಿದ್ವಿ, ಬಿಟ್ವಿ. ಇಬ್ಬರು ಕೂಡೇ ಎಡಗೈಲೆ ತಿರುವ್ತಾರೇನು? ಏರಿ ಮ್ಯಾಲ ಇದ್ದವ ಒಬ್ಬನೇ. ಎಡಚ. ಆದೆಪ್ಪ, ಬಾಲಪ್ಪ ಇಬ್ಬರೂ ಬಲಗೈಯವರು."

"ಮತ್ಯಾರು?" ಯಾರೋ ಕೇಳಿದರು.

"ಕಲ್ಲು ಬಡಿದಿದ್ರ ಚರ್ಮ ಸೀಳತಿತ್ತು. ಇವನಿಗೆ ಗೀರು ಸಹ ಇಲ್ಲ. ಬಿದ್ದದ್ದು ಮುಷ್ಟಿ. ಎದುರಿಗೆ ನಿಂತವನ ಬಲಗಣ್ಣಿಗೆ ಬೀಳೋದು ಯಾರ ಮುಷ್ಟಿ? ಎಡಚನದು. ತೂಬು ಎತ್ತು ಅಂತ ಬಂದು, ಎತ್ತಂಗಿಲ್ಲ ಅಂದಿದ್ದಕ್ಕ ಹೊಡೆದವ. ಇವ ಯಾರಿಗಾಗಿ ಬಾಯಿ ಮುಚ್ಚಿದ? ತಂಗಿ ಗಂಡಗ. ಹೌದೇನೋ ತಾಯಪ್ಪ?"

ತಾಯಪ್ಪ ನಿಂತಲ್ಲೇ ಕುಸಿದ. ಎಡಗೈಯನ್ನು ನೆಲಕ್ಕೆ ಬಡಿದುಕೊಂಡ. "ಸಸಿ ಸಾಯಾಕತ್ತಿದ್ವು ರೀ... ಅವ್ವ ಊರಾಗ ಮಲಗ್ಯಾಳಂತ ತಿಳ್ಕೊಂಡಿದ್ದೆ... ಅವ್ವಾ!"

ಪಕೀರಮ್ಮ ಗಂಡನ ಹತ್ತಿರ ಹೋಗಲಿಲ್ಲ. ಅಣ್ಣನನ್ನು ನೋಡುತ್ತ ನಿಂತಳು.

ಮಕ್ತುಮ್‌ಸಾಬ್ ಕನಕರಾಯನ ಕಡೆ ತಿರುಗಿದರು. ದನಿ ತಗ್ಗಿತ್ತು. "ಕಣ್ಣು ನಿನಗ ಮೋಸ ಮಾಡ್ಯಾದ. ಅಷ್ಟs ಬರಕೊಳ್ಳಲೇನು?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಚಾವಡಿಯ ಬಾಗಿಲು ತೆರೆದರು. ಆದೆಪ್ಪ, ಬಾಲಪ್ಪ ಹೊರಗೆ ಬಂದರು. ಇಬ್ಬರೂ ಅವನ ಮುಂದೆಯೇ ಹಾದುಹೋದರು. ಕನಕರಾಯನಿಗೆ ತಡೆಯಲಾಗಲಿಲ್ಲ.

"ಇಲ್ಲ ರೀ. ಎರಡೆರಡು ಕಾಣೋದು ನನಗ ಮೊದಲs ಗೊತ್ತಿತ್ತು. ಆ ಎಡಗೈ ಯಾರದಂತನೂ ಗೊತ್ತಿತ್ತು. ಇಬ್ಬರು ಅಂದ್ರ ತಂಗಿ ಮನಿ ಉಳೀತದಂತ... ಅಂದೆ. ಎಡಗೈ ಮಾತು ಬಾಯಿಜಾರಿ ಬಂತು."

ಜಮಾದಾರರು ತಾಯಪ್ಪನನ್ನು ಜೀಪಿಗೆ ಹತ್ತಿಸಿದರು. ಆಮೇಲೆ ಕನಕರಾಯನಿಗೂ ಹತ್ತಲು ಹೇಳಿದರು.

ಒಳಗೆ ತಾಯಪ್ಪ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ.