ಪ್ರಶ್ನೆಪ್ಪನ ಮಾತ್ರೆ, ನರ್ಸಮ್ಮನ ಮಾತ್ರೆ

“ಯಾರ್ರೀ ನೀವು? ಅಜ್ಜಿಗೆ ಬಾಳೆಹಣ್ಣು ತಿನ್ಬೇಡಿ ಅಂತ ಹೇಳೋಕೆ?”

ನರ್ಸಮ್ಮ ಬಾಗಿಲಲ್ಲೇ ನಿಂತು ಕೇಳಿದ ರಭಸಕ್ಕೆ, ಒಳಗೆ ಬಟ್ಟೆಗಂಟಿನ ಮೇಲೆ ಕುಳಿತಿದ್ದವನು ಧಡಕ್ಕನೆ ಎದ್ದ. ತಲೆ ಅಟ್ಟಕ್ಕೆ ಬಡಿಯಿತು.

“ಸಕ್ಕರೆ ಕಾಯಿಲೆ ಇರೋರಿಗೆ ಬಾಳೆಹಣ್ಣು ತಿನ್ನಿಸ್ತಿರೋದು ಯಾರು ಅಂತ ನಾನೂ ಹುಡುಕ್ತಿದ್ದೆ,” ಎಂದ ಅವನು, ತಲೆ ಉಜ್ಜಿಕೊಳ್ಳುತ್ತ. “ಸಿಕ್ಕಿದ್ರಿ.”

“ಕ್ಷಯ ಇರೋರು ಹೊಟ್ಟೆಗೆ ತಿನ್ನದೆ ಗಾಳಿ ಕುಡಿದು ಬದುಕ್ತಾರಾ? ಗಾಳಿನಾದ್ರೂ ಎಲ್ಲಿದೆ ಈ ಮನೇಲಿ?”

ಇಬ್ಬರ ನಡುವೆ ಇಸ್ತ್ರಿ ಅಜ್ಜಿ ಅರ್ಧ ಸುಲಿದ ಹಣ್ಣು ಹಿಡಿದು ಒಮ್ಮೆ ಇವಳ ಮುಖ, ಒಮ್ಮೆ ಅವನ ಮುಖ ನೋಡುತ್ತಿದ್ದಳು.

ಅಜ್ಜಿಗೆ ಎರಡೂ ಕಾಯಿಲೆ ಇದ್ದವು. ಕ್ಷಯದ ಮಾತ್ರೆ ತಲುಪಿಸುವುದು ಆರೋಗ್ಯ ಕೇಂದ್ರದ ನರ್ಸಮ್ಮನ ಕೆಲಸ. ಅವನು ವೈದ್ಯಕೀಯ ಕಾಲೇಜಿನ ಸಂಶೋಧಕ. ಎರಡೂ ಕಾಯಿಲೆ ಒಟ್ಟಿಗೆ ಬಂದವರ ಮನೆಗಳಿಗೆ ಹೋಗಿ ಬೆರಳು ಚುಚ್ಚಿ ಸಕ್ಕರೆ ನೋಡುತ್ತಿದ್ದ, ಕಾಲೇಜಿನ ವೈದ್ಯರು ಬರೆದ ಸಕ್ಕರೆ ಕಾಯಿಲೆಯ ಮಾತ್ರೆ ಕೊಡುತ್ತಿದ್ದ, ಆಮೇಲೆ ಮುಗಿಯದಷ್ಟು ಪ್ರಶ್ನೆ ಕೇಳುತ್ತಿದ್ದ.

“ಮನೆಗೆ ಕಿಟಕಿ ಎಷ್ಟು ಅಜ್ಜಿ?”

“ಒಳಗೇ ಕೂತಿದೀಯಲ್ಲಪ್ಪ, ನೀನೇ ನೋಡಿ ಬರ್ಕೋ.”

ಇದ್ದ ಒಂದೇ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ ಕೈಗೆ ತಾಗುತ್ತಿತ್ತು. ಅಜ್ಜಿ, ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳು, ಜೊತೆಗೆ ಇಸ್ತ್ರಿಗೆ ಬಂದ ಊರವರ ಬಟ್ಟೆ, ಇಸ್ತ್ರಿ ಮೇಜು, ಎಲ್ಲವೂ ಆ ಒಂದೇ ಕೋಣೆಯಲ್ಲಿ. ಅಜ್ಜಿ ಅವನಿಗೆ ಅವತ್ತೇ ಪ್ರಶ್ನೆಪ್ಪ ಎಂದು ಹೆಸರಿಟ್ಟಳು.

ಅಲ್ಲಿಂದ ಮುಂದೆ ಪ್ರತಿ ವಾರವೂ ಅದೇ ಗೋಳು. ಇವಳು ಮೊಟ್ಟೆ ತಿನ್ನಿ ಎಂದರೆ ಅವನು ಎಣ್ಣೆ ಎಷ್ಟು ಎನ್ನುವನು. ಅವನು ಅನ್ನ ಕಡಿಮೆ ಮಾಡಿ ಎಂದರೆ ಇವಳ ಪಿತ್ತ ನೆತ್ತಿಗೇರುವುದು. ಜಗಳ ಅಜ್ಜಿಯ ಮನೆಯಲ್ಲಿ ಶುರುವಾದರೆ ಮೆಟ್ಟಿಲಿಳಿದು ಬೀದಿಗೆ ಬಂದರೂ ನಿಲ್ಲುತ್ತಿರಲಿಲ್ಲ.

“ಇಷ್ಟೆಲ್ಲಾ ಕೇಳ್ಕೊಂಡು ಏನ್ರೀ ಕಂಡುಹಿಡಿದ್ರಿ?”

“ಈಗೀಗ ಎಲ್ಲ ಕಡೆ ಸಂಶೋಧನೆ ಇದೇ ದಾರಿ ಹಿಡಿದಿದೆ. ಕಾಯಿಲೆಗಳು ಒಂಟೊಂಟಿಯಾಗಿ ಬರಲ್ಲ. ಒಂದಕ್ಕೊಂದು ಕೈ ಹಿಡ್ಕೊಂಡು ಬರ್ತವೆ. ಅದೂ ಇಂಥ ಇಕ್ಕಟ್ಟಿನ ಮನೆಗಳಿಗೇ ಜಾಸ್ತಿ.”

“ಇದನ್ನ ತಿಳ್ಕೊಳ್ಳೋಕೆ ಸಂಶೋಧನೆ ಬೇಕಾ? ನನ್ನ ಜೊತೆ ಒಂದು ದಿನ ಸುತ್ತಿದ್ರೆ ಸಾಕಿತ್ತು.”

“ಅದಕ್ಕೇ ಸುತ್ತುತಾ ಇದೀನಲ್ಲ,” ಎಂದವನೇ ಅವಳ ಭುಜದಿಂದ ಔಷಧಿ ಚೀಲವನ್ನು ಇಳಿಸಿ ತಾನು ಹೊತ್ತುಕೊಂಡ.

ಬೇಡ ಎನ್ನಬೇಕಿತ್ತು. ಅನ್ನಲಿಲ್ಲ. ಭುಜ ಹಗುರವಾಗಿತ್ತು, ಅದಕ್ಕೂ ಸಿಟ್ಟು ಬಂತು.

ಇನ್ನೊಂದು ವಾರ, ಅವನು ಮನೆ ಮಾಲೀಕನ ಜೊತೆ ಹೊಡೆದಾಡುವುದೊಂದು ಬಾಕಿ ಎಂಬಂತೆ ವಾದ ಮಾಡಿ, ಒಳಗೆ ಗಾಳಿಗೆ ಜಾಗವಾಗಲೆಂದು ಇಸ್ತ್ರಿ ಮೇಜನ್ನು ಬಾಗಿಲ ಹೊರಗಿನ ಕಾರಿಡಾರಿಗೆ ಹಾಕಿಸಿದ್ದು ಅವಳಿಗೆ ತಿಳಿಯಿತು. ಹಾಳಾದವನು... ಪೂರ್ತಿ ಕೆಟ್ಟವನಾಗಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು.

ಆದರೆ ಅಜ್ಜಿ ಸೊರಗುತ್ತಲೇ ಹೋದಳು. ನಿಂತಿದ್ದ ಕೆಮ್ಮು ಮರಳಿತು, ಸಕ್ಕರೆ ಏರಿತು. ಕೇಂದ್ರದ ಡಾಕ್ಟರು ನರ್ಸಮ್ಮನನ್ನು ಕರೆದು ಕೂರಿಸಿದರು. “ಹೀಗೇ ಆದ್ರೆ ಈ ಔಷಧಿಗೆ ಕ್ಷಯ ಬಗ್ಗೋದಿಲ್ಲಮ್ಮ. ಆಮೇಲೆ ಅಜ್ಜಿನ ಉಳಿಸ್ಕೊಳ್ಳೋದು ಕಷ್ಟ.”

ಆ ಪ್ರಶ್ನೆಪ್ಪನೇ ಕಾರಣ. ತಿನ್ನಬೇಡಿ ತಿನ್ನಬೇಡಿ ಎಂದು ಹೆದರಿಸಿ ಹೆದರಿಸಿ ಮುದುಕಿಯನ್ನು ಉಪವಾಸ ಕೆಡವಿದ್ದಾನೆ.

ಸಿಟ್ಟಿನ ಭರದಲ್ಲಿ ಅವನ ಕಾಲೇಜಿಗೆ ಫೋನ್ ಮಾಡಿ ದೂರು ಕೊಟ್ಟಳು. ಅವನನ್ನು ಬೇರೆ ಬೀದಿಗೆ ಹಾಕಿದರು. ಅವನು ಒಂದು ಮಾತೂ ಆಡದೆ ಹೋದ. ಎದುರಿಗೆ ನಿಂತು ಜಗಳವಾಡಿದ್ದರೂ ಆಗುತ್ತಿತ್ತು. ಹಾಗೆ ಸುಮ್ಮನೆ ಹೋದದ್ದು ಅವಳ ಎದೆಯಲ್ಲಿ ಮುಳ್ಳಿನಂತೆ ಕೂತಿತು.

ಮುಂದಿನ ವಾರ ಹೋದಾಗ ಅಜ್ಜಿ ಇನ್ನೂ ಬಾಡಿದ್ದಳು. ನರ್ಸಮ್ಮ ಪಕ್ಕದಲ್ಲಿ ಕುಳಿತಳು.

“ನಿಜ ಹೇಳಿ ಅಜ್ಜಿ. ಮಾತ್ರೆ ತಗೋತಿದೀರಾ?”

“ನಿಂದು ತಗೋತೀನಿ ನರ್ಸಮ್ಮ. ಒಂದಿನ ಬಿಟ್ಟು ಒಂದಿನ.”

“ಒಂದಿನ ಬಿಟ್ಟಾ? ದಿನಾ ತಗೋಬೇಕು ಅಂತ ಎಷ್ಟು ಸಲ ಬಡ್ಕೊಂಡಿದೀನಿ!”

“ನಡುವಿನ ದಿನ ಪ್ರಶ್ನೆಪ್ಪಂದು ತಗೋತಿದ್ನಲ್ಲ. ಎರಡೂ ಒಟ್ಟಿಗೆ ಹೆಂಗೆ ನುಂಗಲಿ? ನೀವಿಬ್ರು ಒಂದು ಬಾಗಿಲಲ್ಲಿ ನಿಂತ್ರೆ ಕಚ್ಚಾಡ್ತೀರ. ನಿಮ್ಮ ಮಾತ್ರೆಗಳು ಒಂದು ಹೊಟ್ಟೇಲಿ ಸುಮ್ನೆ ಇರ್ತಾವಾ?” ಅಜ್ಜಿ ಕೆಮ್ಮಿ ಸುಧಾರಿಸಿಕೊಂಡಳು. “ಈಗ ಅವನನ್ನೇ ಓಡಿಸಿದ್ರಂತೆ. ಅವನ ಔಷಧೀಲಿ ಏನೋ ಐಬು ಇರ್ಬೇಕು ಅಂತ ಅದನ್ನ ಪೂರ್ತಿ ಬಿಟ್ಟೆ.”

ನರ್ಸಮ್ಮನಿಗೆ ಈಗ ಗೊತ್ತಾಯಿತು.

ಬಾಳೆಹಣ್ಣೂ ಅಲ್ಲ, ಉಪವಾಸವೂ ಅಲ್ಲ... ನಮ್ಮ ಜಗಳ.

“ಎರಡೂ ಒಂದೇ ದಿನ ತಗೋಬಹುದು ಅಜ್ಜಿ. ಡಾಕ್ಟ್ರೇ ನೋಡಿ ಕೊಟ್ಟಿರೋದು.”

“ನೀನು ನಿನ್ನ ಕಡೆ ಹೇಳ್ತೀಯ. ಅವನೂ ಬಂದು ಹೇಳ್ಲಿ.”

ಅವನು ಎರಡು ಬೀದಿ ಆಚೆ, ಒಂದು ಚಪ್ಪಲಿ ಅಂಗಡಿಯ ಮುಂದೆ ಯಾರಿಗೋ ಪ್ರಶ್ನೆ ಕೇಳುತ್ತ ನಿಂತಿದ್ದ. ಅವಳನ್ನು ಕಂಡು ಪೆನ್ನು ಜೇಬಿಗಿಟ್ಟ.

“ಇನ್ನೇನು ತಪ್ಪು ಮಾಡಿದೆ?”

“ನೀವಲ್ಲ. ನಾನು.” ಆ ಎರಡು ಮಾತು ಹೇಳುವಷ್ಟರಲ್ಲಿ ಅವಳಿಗೆ ಸಾಕುಸಾಕಾಯಿತು. ಉಳಿದದ್ದನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. “ಕಾಲೇಜಿಗೂ ಫೋನ್ ಮಾಡಿ ನಿಜ ಹೇಳ್ತೀನಿ. ಮೊದಲು ಅಜ್ಜಿ ಹತ್ರ ಬನ್ನಿ. ನಾವಿಬ್ರು ಚೆನ್ನಾಗಿದೀವಿ ಅಂತ ತೋರಿಸ್ಬೇಕು.”

“ನಾವು ಚೆನ್ನಾಗಿದೀವಾ?”

“ಬರ್ತೀರೋ ಇಲ್ವೋ?”

ಅಜ್ಜಿಯ ಬಾಗಿಲು ಇಬ್ಬರಿಗೆ ಸಾಲದಷ್ಟು ಕಿರಿದು. ಭುಜಕ್ಕೆ ಭುಜ ಒತ್ತಿಕೊಂಡು ಇಬ್ಬರೂ ನಕ್ಕರು.

“ಹಲ್ಲು ಕಿರಿಯೋದು ನಿಲ್ಸಿ,” ಎಂದಳು ಅಜ್ಜಿ. “ಹಲ್ಲುನೋವು ಬಂದೋರ ಥರ ಕಾಣ್ತೀರ. ಪ್ರಶ್ನೆಪ್ಪ, ನಿಜ ಹೇಳು. ಓಡಿಸಿದ್ದಕ್ಕೆ ಇವಳ ಮೇಲೆ ಸಿಟ್ಟಿಲ್ವಾ?”

“ಇದೆ.”

ನರ್ಸಮ್ಮ ಅವನನ್ನು ದುರುಗುಟ್ಟಿ ನೋಡಿದಳು. ಇಷ್ಟು ಹೇಳಿಕೊಟ್ಟು ಕರೆದುಕೊಂಡು ಬಂದರೆ...

“ಸಿಟ್ಟಿದೆ ಅಜ್ಜಿ. ಆದ್ರೆ ಆ ಬೀದೀಲಿ ಎಲ್ರೂ ಮರ್ಯಾದೆಯಿಂದ ಮಾತಾಡಿಸ್ತಾರೆ. ಯಾರೂ ನನ್ನನ್ನ ಬೈಯಲ್ಲ. ಮೆಟ್ಟಿಲ ಮೇಲೆ ಯಾರದೋ ಸಪ್ಪಳ ಕೇಳಿದ್ರೆ, ಬಂದ್ರು ಬೈಯೋಕೆ ಅಂತ ಖುಷಿಯಿಂದ ತಿರುಗಿ ನೋಡ್ತೀನಿ. ಇವರಾಗಿರಲ್ಲ. ಆವತ್ತು ಪೂರ್ತಿ ಯಾವ ಕೆಲಸಕ್ಕೂ ಮನಸ್ಸು ಬರಲ್ಲ.” ಅವನು ನರ್ಸಮ್ಮನತ್ತ ನೋಡಿದ. “ಇವರನ್ನ ಬಿಟ್ಟು ಇರೋಕೆ ಆಗ್ತಿಲ್ಲ ಅಜ್ಜಿ.”

ಹೊರಗಿನ ಕಾರಿಡಾರಿನಲ್ಲಿ ಮಗಳು ಬಟ್ಟೆಗೆ ನೀರು ಚಿಮುಕಿಸುವುದನ್ನು ನಿಲ್ಲಿಸಿದಳು.

“ನಿಂದೇನಮ್ಮ?” ಅಜ್ಜಿ ಇವಳತ್ತ ತಿರುಗಿದಳು.

“ಮೊದಲು ಮಾತ್ರೆ ನುಂಗಿ.”

“ಮೊದಲು ಹೇಳು.”

ಥೂ, ಈ ಮನೆಯಲ್ಲಿ ಒಬ್ಬರಾದರೂ ಹೇಳಿದ್ದು ಕೇಳುತ್ತಾರಾ? “ಇವರ ಮೇಲೆ ದೂರು ಕೊಟ್ಟ ದಿನದಿಂದ ನನಗೆ ಅನ್ನ ಸೇರ್ತಿಲ್ಲ ಅಜ್ಜಿ. ಸಾಕಾ?”

ಅಜ್ಜಿ ಇಬ್ಬರನ್ನೂ ಸಾವಕಾಶವಾಗಿ ಅಳೆದು ನೋಡಿದಳು. ಆಮೇಲೆ ಎರಡು ಮಾತ್ರೆಗಳನ್ನೂ ಒಂದೇ ಅಂಗೈಗೆ ಹಾಕಿಕೊಂಡು, ನೀರು ಕುಡಿದು ನುಂಗಿದಳು.

“ನಾಳೇನೂ ಹೀಗೇ ನುಂಗ್ತೀನಿ. ಹೋಗಿ ಈಗ, ಇಸ್ತ್ರಿ ಬಾಕಿ ಇದೆ.”

ಮೆಟ್ಟಿಲ ತಿರುವಿನಲ್ಲಿ ಅವಳು ನಿಂತಳು.

“ಒಳಗೆ ಹೇಳಿದ್ದು... ಅಜ್ಜಿ ಮಾತ್ರೆ ನುಂಗಲಿ ಅಂತಾನಾ?”

“ಅದಕ್ಕಾಗಿದ್ರೆ ಅಷ್ಟು ಉದ್ದ ಬೇಕಿರ್ಲಿಲ್ಲ.”

“ನನಗೆ ನೇರವಾಗಿ ಹೇಳೋಕೆ ಏನಾಗಿತ್ತು?”

“ನೀವು ಮಧ್ಯೆ ಬಾಯಿ ಹಾಕದೆ ನನ್ನ ಮಾತು ಕೇಳಿದ್ದು ಇವತ್ತೇ ಮೊದಲು.”

ಅವಳು ಮೆಟ್ಟಿಲ ಮೇಲೆ ಕುಳಿತು, ಪಕ್ಕದಲ್ಲಿ ಅವನಿಗೆ ಜಾಗ ಬಿಟ್ಟಳು. ಅವನು ಕುಳಿತ. ಜೇಬಿನ ಪೆನ್ನು ತೆಗೆದ, ಮತ್ತೆ ಇಟ್ಟ.

“ಏನ್ರೀ, ಹೇಳಿ ಮತ್ತೆ.”

“ಮದುವೆ ಆಗ್ತೀರಾ ಅಂತ ಕೇಳೋಣ ಅಂತಿದೀನಿ. ಅದಕ್ಕೂ ಜಗಳ ಆಡ್ತೀರೇನೋ ಅಂತ ಭಯ.”

“ಆಡ್ತೀನಿ,” ಎಂದಳು ಅವಳು, ಅವನ ಕೈ ತನ್ನ ಕೈಯೊಳಗೆ ಎಳೆದುಕೊಂಡು. “ಮದುವೇನೂ ಆಗ್ತೀನಿ.”